ಡ್ರಾಯರಿನಲ್ಲಿ ಕಾದಿದ್ದ ಪ್ರಾಣಿ

ಕೇಳುಗರಿಗೆ ನಮಸ್ಕಾರ.

ಹೊಸ ಪ್ರಾಣಿಯೊಂದು ಸಿಕ್ಕಿತು ಅಂದ ಕೂಡಲೇ ಕಣ್ಣ ಮುಂದೆ ಬರುವುದು ಕಾಡು, ಜಿಗಣೆ, ಹೆಗಲ ಮೇಲೊಂದು ಚೀಲ, ಹಣೆಗೊಂದು ಟಾರ್ಚು. ಅಲ್ವಾ? ನಾನು ಇವತ್ತು ಹೇಳಹೊರಟಿರುವ ಪ್ರಾಣಿಯ ಸುಳಿವು ಮೊದಲು ಸಿಕ್ಕಿದ್ದು ಕಾಡಿನಲ್ಲಲ್ಲ. ಶಿಕಾಗೋ ನಗರದ ಫೀಲ್ಡ್ ಮ್ಯೂಸಿಯಂನ ಒಂದು ಡ್ರಾಯರಿನಲ್ಲಿ.

ಅದು 2003ನೇ ಇಸವಿ. ಕ್ರಿಸ್ಟೋಫರ್ ಹೆಲ್ಗೆನ್ ಎಂಬ ಎಳೆಯ ಪ್ರಾಣಿವಿಜ್ಞಾನಿ ಓಲಿಂಗೊಗಳ ಬೆನ್ನು ಹತ್ತಿದ್ದರು. ಓಲಿಂಗೊ ಅಂದರೆ ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರಗಳ ಮೇಲೆ ರಾತ್ರಿ ಹೊತ್ತು ಓಡಾಡುವ, ಉದ್ದ ಬಾಲದ ಪ್ರಾಣಿ. ನೋಡಿದರೆ ನಮ್ಮ ಪುನುಗು ಬೆಕ್ಕಿನ ನೆನಪಾಗಬಹುದು. ಆದರೆ ಇದು ರಕೂನ್ ಎಂಬ ಅಮೆರಿಕದ ಪ್ರಾಣಿಯ ಕುಟುಂಬದ್ದು, ಪುನುಗಿಗೂ ಇದಕ್ಕೂ ಹತ್ತಿರದ ನಂಟಿಲ್ಲ. ಓಲಿಂಗೊಗಳಲ್ಲಿ ಒಟ್ಟು ಎಷ್ಟು ಜಾತಿ ಎಂಬುದೇ ಗೋಜಲಾಗಿತ್ತು. ಆ ಗೋಜಲು ಬಿಡಿಸೋಣ ಎಂದು ಹೆಲ್ಗೆನ್ ಹೊರಟಿದ್ದರು.

ಮ್ಯೂಸಿಯಂನಲ್ಲಿ ಇಂಥ ಪ್ರಾಣಿಗಳನ್ನು ಇಡುವ ರೀತಿ ಹೀಗೆ. ಸುಲಿದ ಚರ್ಮವನ್ನು ಹದಮಾಡಿ, ಕಾಲಿಗೆ ಒಂದು ಚೀಟಿ ಕಟ್ಟುತ್ತಾರೆ. ಎಲ್ಲಿ ಸಿಕ್ಕಿತು, ಯಾವತ್ತು, ಯಾರು ತಂದರು ಎಂದು ಅದರಲ್ಲಿ ಬರೆದಿರುತ್ತದೆ. ತಲೆಬುರುಡೆ ಬೇರೆ ಡಬ್ಬಿಯಲ್ಲಿ, ಅದೇ ನಂಬರಿನೊಂದಿಗೆ.

ಹೆಲ್ಗೆನ್ ಆ ಡ್ರಾಯರನ್ನು ಎಳೆದಾಗ ಕಂಡ ಚರ್ಮಗಳು ಕೆಂಪು ಛಾಯೆಯವು. ಕೂದಲು ಉದ್ದ, ದಟ್ಟ. ಓಲಿಂಗೊಗಳು ಹೀಗಿರುವುದಿಲ್ಲ. ಬುರುಡೆ ತೆಗೆದು ನೋಡಿದರೆ ಅದು ಓಲಿಂಗೊಗಳ ಬುರುಡೆಗಿಂತ ಚಿಕ್ಕದು, ಆದರೂ ಅದರಲ್ಲಿ ದವಡೆಹಲ್ಲುಗಳು ಮಾತ್ರ ದೊಡ್ಡವು. ಇದು ನನಗೆ ಬಹಳ ಇಷ್ಟವಾದ ಸಂಗತಿ. ಸುಮ್ನೆ ಚಿಕ್ಕ ಪ್ರಾಣಿ ಆಗಿದ್ದರೆ ಹಲ್ಲೂ ಚಿಕ್ಕದಾಗಿರಬೇಕಿತ್ತು. ಬಣ್ಣದ ವ್ಯತ್ಯಾಸಕ್ಕೆ ವಯಸ್ಸೋ ಬೆಳಕೋ ಕಾರಣ ಎನ್ನಬಹುದು. ಬುರುಡೆಯೂ ಹಲ್ಲೂ ಹೀಗೆ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತಿದ್ದರೆ ಅದನ್ನು ಹಾಗೆ ತಳ್ಳಿಹಾಕಲಾಗದು.

ಚೀಟಿಗಳಲ್ಲಿದ್ದ ಊರುಗಳು ಆಂಡಿಸ್ ಬೆಟ್ಟಸಾಲಿನ ಎತ್ತರದ ಜಾಗಗಳು. ಓಲಿಂಗೊ ಅಷ್ಟು ಮೇಲೆ ಇರುವುದಿಲ್ಲ. ಹಾಗಾದರೆ ಈ ಪ್ರಾಣಿ ಇನ್ನೂ ಬದುಕಿದೆಯೇ? ಈಕ್ವೆಡಾರಿನ ಮಿಗೆಲ್ ಪಿಂಟೊ ಎಂಬ ಪ್ರಾಣಿವಿಜ್ಞಾನಿ ಮೊದಲು ಹೋಗಿ ನೋಡಿದರು. ಒಂದು ಸಣ್ಣ ಕ್ಯಾಮೆರಾದಲ್ಲಿ ಕೆಲವೇ ಕ್ಷಣಗಳ ಮಸುಕು ದೃಶ್ಯ ಹಿಡಿದು ತಂದರು. 2006ರಲ್ಲಿ ಹೆಲ್ಗೆನ್, ಪಿಂಟೊ ಮತ್ತು ಇನ್ನೊಬ್ಬ ಪ್ರಾಣಿವಿಜ್ಞಾನಿ ರೋಲಂಡ್ ಕೇಸ್ ಮೂವರೂ ಈಕ್ವೆಡಾರಿನ ಒಟೊಂಗಾ ಕಾಡಿಗೆ ಹೋದರು. ಆ ಕಾಡು ಹೆಚ್ಚಿನ ಹೊತ್ತು ಮೋಡದೊಳಗೇ ಇರುತ್ತದೆ. ಮೊದಲ ರಾತ್ರಿಯೇ ಮರದ ಮೇಲೆ ಆ ಪ್ರಾಣಿ ಕಾಣಿಸಿತು.

ಕಾಣಿಸಿದ್ದೇ ತಡ ಹೆಸರಿಟ್ಟುಬಿಡಲಿಲ್ಲ. ಇನ್ನೂ ಏಳು ವರ್ಷ ಹಿಡಿಯಿತು. ಲೋಕದ ಮ್ಯೂಸಿಯಂಗಳಲ್ಲಿರುವ ಓಲಿಂಗೊ ಚರ್ಮ, ಬುರುಡೆಗಳನ್ನು ಹೆಚ್ಚುಕಮ್ಮಿ ಎಲ್ಲವನ್ನೂ ನೋಡಿದರು, ಅಳೆದರು. ಡಿಎನ್‌ಎ ಹೋಲಿಸಿದರು. ಕೊನೆಗೆ 2013ರ ಆಗಸ್ಟ್ 15ರಂದು ಪ್ರಬಂಧ ಹೊರಬಂತು. ಸಾಮಾನ್ಯ ಹೆಸರು ಓಲಿಂಗ್ವಿಟೊ, ಅಂದರೆ ಪುಟ್ಟ ಓಲಿಂಗೊ. ಶಾಸ್ತ್ರೀಯ ಹೆಸರು ಬಸ್ಸಾರಿಸಿಯಾನ್ ನೆಬ್ಲಿನಾ. ಸ್ಪ್ಯಾನಿಷ್‌ನಲ್ಲಿ ನೆಬ್ಲಿನಾ ಎಂದರೆ ಮಂಜು. ಮಡಿಕೇರಿಯ ಮಳೆಗಾಲದ ಬೆಳಗು ಕಂಡವರಿಗೆ ಆ ಹೆಸರು ಎಷ್ಟು ಒಪ್ಪುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ತೂಕ ಸುಮಾರು 900 ಗ್ರಾಂ. ರಕೂನ್ ಕುಟುಂಬದಲ್ಲೇ ಚಿಕ್ಕದು. ಮಾಂಸಾಹಾರಿಗಳ ಗಣಕ್ಕೆ ಸೇರಿದ್ದರೂ ತಿನ್ನುವುದು ಹಣ್ಣೇ ಜಾಸ್ತಿ. ಎರಡೂ ಅಮೆರಿಕ ಖಂಡಗಳಲ್ಲಿ ಆ ಗಣದ ಹೊಸ ಜಾತಿಯೊಂದು ಬೆಳಕಿಗೆ ಬಂದದ್ದು 35 ವರ್ಷಗಳಲ್ಲಿ ಅದೇ ಮೊದಲು. ಇನ್ನೊಂದು ಮಾತು. ಅದೇ ಪ್ರಬಂಧದಲ್ಲಿ, ಐದು ಎಂದುಕೊಂಡಿದ್ದ ಓಲಿಂಗೊ ಜಾತಿಗಳು ನಿಜಕ್ಕೂ ಮೂರೇ ಎಂದೂ ತೋರಿಸಿದರು. ವರ್ಗೀಕರಣ ಅಂದರೆ ಹೆಸರು ಸೇರಿಸುವುದಷ್ಟೇ ಅಲ್ಲ, ಅಳಿಸುವುದೂ ಹೌದು. ಆ ಕೆಲಸಕ್ಕೆ ಸುದ್ದಿಯಲ್ಲಿ ಅಷ್ಟಾಗಿ ಜಾಗ ಸಿಗಲಿಲ್ಲ.

ರಿಂಗರ್ಲ್ ಎಂಬ ಹೆಣ್ಣು ಪ್ರಾಣಿಯ ಕಥೆ ಹೇಳದಿದ್ದರೆ ಮನಸ್ಸು ಒಪ್ಪುವುದಿಲ್ಲ. ಕೊಲಂಬಿಯಾದಲ್ಲಿ ಹಿಡಿದು ತಂದ ಅವಳನ್ನು ದಶಕಗಳ ಹಿಂದೆ ಅಮೆರಿಕದ ಮೃಗಾಲಯಗಳಲ್ಲಿ ಓಲಿಂಗೊ ಎಂದೇ ಇಟ್ಟಿದ್ದರು. ಒಂದು ಊರಿಂದ ಇನ್ನೊಂದು ಊರಿಗೆ ಕಳಿಸಿ ಗಂಡು ಓಲಿಂಗೊಗಳ ಜೊತೆ ಬಿಟ್ಟರು. ಅವಳು ಯಾರ ಜೊತೆಗೂ ಕೂಡಲಿಲ್ಲ. ಮರಿಗಳೂ ಆಗಲಿಲ್ಲ. ಅವಳು ಓಲಿಂಗ್ವಿಟೊ. ಅವಳು ಯಾವ ಜಾತಿ ಎಂದು ಯಾರಿಗೂ ಗೊತ್ತಾಗದೆಯೇ ಸತ್ತಳು. ಪಂಜರದ ಮುಂದೆ ನಿಂತು ಅವಳನ್ನು ನೋಡಿದವರು ಅದೆಷ್ಟು ಜನವೋ!

ಹೊಸ ಜಾತಿಗೆ ಹೆಸರಿಡುವಾಗ ಒಂದು ನಿಜವಾದ ಪ್ರಾಣಿಯನ್ನು ಗುರುತಾಗಿ ಇಡಬೇಕು. ಮುಂದೆ ಯಾರಿಗೆ ಅನುಮಾನ ಬಂದರೂ ಆ ಒಂದನ್ನು ತೆಗೆದು ನೋಡಬೇಕು. ಓಲಿಂಗ್ವಿಟೊಗೆ ಆರಿಸಿದ್ದು 1923ರಲ್ಲಿ ಈಕ್ವೆಡಾರಿನಲ್ಲಿ ಸಿಕ್ಕ, ನ್ಯೂಯಾರ್ಕಿನ ಮ್ಯೂಸಿಯಂನಲ್ಲಿರುವ ಪ್ರಾಣಿಯನ್ನು. ತೊಂಬತ್ತು ವರ್ಷ ಅದನ್ನು ಯಾರೂ ಎಸೆಯಲಿಲ್ಲ. ಹುಳು ಹಿಡಿಯಲು ಬಿಡಲಿಲ್ಲ. ಇದರಿಂದ ಏನು ಉಪಯೋಗ ಎಂದು ಕೇಳಿ ಡ್ರಾಯರು ಖಾಲಿ ಮಾಡಿಸಲಿಲ್ಲ. ಹಾಗೆ ಕಾದವರ ಹೆಸರು ಯಾವ ಪ್ರಬಂಧದ ತಲೆಬರಹದಲ್ಲೂ ಬರುವುದಿಲ್ಲ. ನನಗೆ ಅವರ ಮೇಲೆ ಬಹಳ ಗೌರವ.

ಯಾಕೆಂದರೆ ಇನ್ನೊಂದು ರಾತ್ರಿಯೂ ಇದೆ. 2018ರ ಸೆಪ್ಟೆಂಬರ್ 2. ಬ್ರೆಜಿಲ್‌ನ ರಿಯೊ ಡಿ ಜನೈರೊ. ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಅದು ಇನ್ನೂರನೇ ವರ್ಷ. ಬೆಂಕಿ ಬಿತ್ತು. ಸುಮಾರು 50 ಲಕ್ಷ ಕೀಟಗಳ ಸಂಗ್ರಹದಲ್ಲಿ ಬಹುಪಾಲು ಒಂದೇ ರಾತ್ರಿಯಲ್ಲಿ ಬೂದಿಯಾಯಿತು. ಜಾತಿಗೆ ಗುರುತಾಗಿ ಇಟ್ಟಿದ್ದವೂ ಹೋದವು. ಬೆನ್ನೆಲುಬಿನ ಪ್ರಾಣಿಗಳ ಸಂಗ್ರಹ ಬೇರೆ ಕಟ್ಟಡದಲ್ಲಿತ್ತು, ಅದು ಉಳಿಯಿತು.

ಸುಟ್ಟ ಆ ಡ್ರಾಯರುಗಳಲ್ಲಿ ತಪ್ಪು ಚೀಟಿ ಹೊತ್ತ ಹುಳುಗಳು ಎಷ್ಟಿದ್ದವೋ. ಯಾರಾದರೂ ಒಂದು ದಿನ ಬಂದು ಎಳೆದು ನೋಡಲಿ ಎಂದು ಅವೂ ಕಾದಿದ್ದವು.

ನಮಸ್ಕಾರ.