ಫೈಲ್ ಕೆಟ್ಟಿಲ್ಲ, ಹೆಸರು ತಪ್ಪಿದೆ

ಎಲ್ಲರಿಗೂ ನಮಸ್ಕಾರ.

ಒಂದು ಫೈಲಿನಿಂದಲೇ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಸ್ನೇಹಿತರೊಬ್ಬರು ಎಕ್ಸೆಲ್ ಫೈಲ್ ಒಂದನ್ನು ಕಳಿಸಿದರು. ಜೊತೆಗೆ ಒಂದೇ ಸಾಲು: "ಇದು ತೆರೀತಿಲ್ಲ, ಕರಪ್ಟ್ ಆಗಿದೆ ಅನ್ಸುತ್ತೆ, ಏನಾದ್ರೂ ಮಾಡಿ." ರಿಪೇರಿ ಮಾಡುವ ಸಾಫ್ಟ್‌ವೇರ್‌ಗಳನ್ನು ಅವರು ಆಗಲೇ ಎರಡು ಮೂರು ಇಳಿಸಿಕೊಂಡು ನೋಡಿದ್ದರು. ಒಂದಕ್ಕೆ ದುಡ್ಡೂ ಕೊಟ್ಟಿದ್ದರು. ನಾನು ಫೈಲನ್ನು ನೋಟ್‌ಪ್ಯಾಡ್‌ಗೆ ಎಳೆದು ಬಿಟ್ಟೆ. ಒಳಗೆ ಒಂದು ಅಂಕಿಯೂ ಇರಲಿಲ್ಲ. ಇದ್ದದ್ದು ಒಂದು ವೆಬ್ ಪುಟ. ಅದರ ನಡುವೆ ಒಂದು ವಾಕ್ಯ: ನಿಮ್ಮ ಲಾಗಿನ್ ಅವಧಿ ಮುಗಿದಿದೆ, ಮತ್ತೆ ಲಾಗಿನ್ ಆಗಿ.

ಆಗಿದ್ದು ಇಷ್ಟೇ. ಅವರು ಒಂದು ಪೋರ್ಟಲ್ ತೆರೆದಿಟ್ಟು ಎದ್ದು ಹೋಗಿದ್ದಾರೆ. ವಾಪಸ್ ಬಂದು ಡೌನ್‌ಲೋಡ್ ಒತ್ತಿದ್ದಾರೆ. ಅಷ್ಟರಲ್ಲಿ ಪೋರ್ಟಲ್ ಅವರನ್ನು ಹೊರಗೆ ಹಾಕಿತ್ತು. ಅದು ಕಳಿಸಿದ್ದು ಲಾಗಿನ್ ಪುಟ, ಬ್ರೌಸರ್ ಅದಕ್ಕೆ ಎಕ್ಸೆಲ್ ಹೆಸರಿಟ್ಟು ಉಳಿಸಿತು. ರಿಪೇರಿ ಮಾಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಮತ್ತೆ ಲಾಗಿನ್ ಆದರು, ಮತ್ತೆ ಇಳಿಸಿದರು, ತೆರೆಯಿತು.

ಇವತ್ತು ನಾನು ಹೇಳಬೇಕಾದದ್ದರ ಮುಕ್ಕಾಲು ಪಾಲು ಆ ಫೈಲಿನಲ್ಲೇ ಇದೆ. ತೆರೆಯದ ಫೈಲುಗಳಲ್ಲಿ ನಿಜವಾಗಿ ಕೆಟ್ಟವು ಕಡಿಮೆ. ಜಾಸ್ತಿ ಇರುವುದು, ಮೇಲೆ ಒಂದು ಹೆಸರು, ಒಳಗೆ ಇನ್ನೊಂದು ಸರಕು ಇರುವಂಥವು. ಹಾಗಾಗಿ "ಹೇಗೆ ರಿಪೇರಿ ಮಾಡೋದು" ಎನ್ನುವ ಮೊದಲು "ಇದು ನಿಜವಾಗಿ ಏನು" ಎಂದು ಕೇಳಬೇಕು. ಅದಕ್ಕೂ ಮೊದಲು ನಕಲು ಮಾಡಿಟ್ಟುಕೊಳ್ಳಬೇಕು. ನಕಲಿನ ಮಾತನ್ನು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಾಗಾದರೆ ಅದು ಏನು ಅಂತ ತಿಳಿಯುವುದು ಹೇಗೆ? ಮೊದಲ ನಾಲ್ಕೈದು ಅಕ್ಷರ ನೋಡಿದರೆ ಸಾಕು. ಡಾಟ್ ಎಕ್ಸ್‌ಎಲ್‌ಎಸ್‌ಎಕ್ಸ್ ಅನ್ನುವ ಫೈಲ್, ಅಂದರೆ ಆಫೀಸ್ 2007ರ ಜೊತೆ ಬಂದದ್ದು, ಅಸಲಿಗೆ ಒಂದು ಜಿಪ್ ಗಂಟು. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೊದಲು ಕಾಣುವುದು 'ಪಿಕೆ' ಎಂಬ ಎರಡು ಇಂಗ್ಲಿಷ್ ಅಕ್ಷರ, ಆಮೇಲೆಲ್ಲ ಕಸದ ಹಾಗೆ. ಆ ಪಿಕೆ ಅಂದರೆ ಫಿಲ್ ಕಾಟ್ಜ್, ಜಿಪ್ ಮಾದರಿಯನ್ನು ರೂಪಿಸಿದವರು. ಇವತ್ತಿಗೂ ಈ ಹೊಸ ಮಾದರಿಯ ಎಕ್ಸೆಲ್ ಫೈಲುಗಳು ಸಾಮಾನ್ಯವಾಗಿ ಅವರ ಸಹಿ ಹೊತ್ತುಕೊಂಡೇ ಓಡಾಡುತ್ತವೆ.

ಮನೆಗೆ ಹೋದ ಮೇಲೆ ಇದನ್ನೊಮ್ಮೆ ಮಾಡಿ ನೋಡಿ. ಚೆನ್ನಾಗಿರುವ ಒಂದು ಎಕ್ಸೆಲ್ ಫೈಲನ್ನು ನಕಲು ಮಾಡಿ, ನಕಲಿನ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ, ತೆರೆಯಿರಿ. ಒಳಗೆ ಫೋಲ್ಡರುಗಳು ಕಾಣುತ್ತವೆ. ಒಂದೊಂದು ಶೀಟಿಗೆ ಒಂದೊಂದು ಎಕ್ಸ್‌ಎಂಎಲ್ ಫೈಲ್, ಅಂದರೆ ಗುರುತುಗಳ ನಡುವೆ ಮಾಹಿತಿ ಬರೆದಿಟ್ಟ ಪಠ್ಯ. ನೀವು ಟೈಪ್ ಮಾಡಿದ ಪದಗಳೆಲ್ಲ ಸಾಮಾನ್ಯವಾಗಿ ಶೀಟಿನಲ್ಲಿ ಇರುವುದಿಲ್ಲ, 'ಶೇರ್ಡ್ ಸ್ಟ್ರಿಂಗ್ಸ್' ಎಂಬ ಬೇರೆ ಫೈಲಿನಲ್ಲಿ ಒಂದರ ಕೆಳಗೊಂದು ಕೂತಿರುತ್ತವೆ. ಶೀಟಿನಲ್ಲಿ ಇರುವುದು "ಪಟ್ಟಿಯ 17ನೇ ಪದ ಇಲ್ಲಿ" ಎನ್ನುವ ಸಂಖ್ಯೆ ಮಾತ್ರ. ಇದು ಗೊತ್ತಿದ್ದರೆ ಒಂದು ಲಾಭವಿದೆ. ಯಾವುದೋ ಚಿತ್ರವೋ ಚಾರ್ಟೋ ಕೆಟ್ಟು ಇಡೀ ಫೈಲ್ ತೆರೆಯದಿದ್ದಾಗಲೂ, ಗಂಟು ಬಿಚ್ಚಿದರೆ ನಿಮ್ಮ ಅಂಕಿಗಳು ಪಕ್ಕದ ಫೈಲಿನಲ್ಲಿ ಸುರಕ್ಷಿತವಾಗಿ ಇರಬಹುದು.

ಹಳೆಯ ಡಾಟ್ ಎಕ್ಸ್‌ಎಲ್‌ಎಸ್ ಬೇರೆ ಜಾತಿ. ಅದರ ಮೊದಲ ಬೈಟುಗಳನ್ನು ಹೆಕ್ಸ್ ವ್ಯೂವರ್‌ನಲ್ಲಿ (ಫೈಲಿನ ಕಚ್ಚಾ ಬೈಟುಗಳನ್ನು ತೋರಿಸುವ ಸಾಫ್ಟ್‌ವೇರ್) ನೋಡಿದರೆ 'ಡಿ0ಸಿಎಫ್11ಇ0' ಎಂದು ಕಾಣುತ್ತದೆ. ಕಣ್ಣು ಸ್ವಲ್ಪ ಕಿರಿದು ಮಾಡಿ ಓದಿ, 'ಡಾಕ್‌ಫೈಲ್' ಎಂದಾಗುತ್ತದೆ. ಇಲ್ಲೊಂದು ಮೋಸವಿದೆ. ತೆರೆಯಲು ಪಾಸ್‌ವರ್ಡ್ ಕೇಳುವ ಹೊಸ ಎಕ್ಸೆಲ್ ಫೈಲ್ ಕೂಡ ಪಿಕೆ ಎಂದು ಶುರುವಾಗುವುದಿಲ್ಲ, ಇದೇ ಹಳೆಯ ಹೊದಿಕೆಯೊಳಗೆ ಹೋಗಿ ಕೂರುತ್ತದೆ. ಎಕ್ಸೆಲ್‌ಗೆ ಅದು ಗೊತ್ತು, ಪಾಸ್‌ವರ್ಡ್ ಕೇಳುತ್ತದೆ. ಫೈಲಿನಿಂದ ಮಾಹಿತಿ ಎಳೆದುಕೊಳ್ಳುವ ನಿಮ್ಮ ಇಂಪೋರ್ಟ್ ಪ್ರೋಗ್ರಾಂಗೆ ಗೊತ್ತಿರಬೇಕೆಂದಿಲ್ಲ. "ಇದು ಜಿಪ್ ಫೈಲ್ ಅಲ್ಲ" ಎಂದು ಕೈ ಎತ್ತಿಬಿಡುತ್ತದೆ. ಪಾಸ್‌ವರ್ಡ್ ತೆಗೆದು ಉಳಿಸಿ ಕೊಟ್ಟರೆ ಸರಿಹೋಗುತ್ತದೆ.

ಇನ್ನು, ಮೊದಲ ಅಕ್ಷರವೇ ಕೋನಾಕಾರದ ಆವರಣ ಚಿಹ್ನೆಯಾಗಿದ್ದರೆ? ಒಳಗಿರುವುದು ಬಹುಪಾಲು ಎಚ್‌ಟಿಎಂಎಲ್, ಅಂದರೆ ವೆಬ್ ಪುಟದ ಭಾಷೆ, ಇಲ್ಲವೇ ಹಳೆಯ ಎಕ್ಸ್‌ಎಂಎಲ್. ಎಷ್ಟೋ ಪೋರ್ಟಲ್‌ಗಳು ವೆಬ್ ಪುಟದ ಟೇಬಲ್ಲನ್ನೇ ಡಾಟ್ ಎಕ್ಸ್‌ಎಲ್‌ಎಸ್ ಎಂದು ಹೆಸರಿಟ್ಟು ಕೊಡುತ್ತವೆ. ಎಕ್ಸೆಲ್ "ಫೈಲಿನ ಮಾದರಿಗೂ ಹೆಸರಿಗೂ ತಾಳೆ ಆಗುತ್ತಿಲ್ಲ" ಎಂದು ಗೊಣಗಿಕೊಂಡಾದರೂ ತೆರೆಯುತ್ತದೆ. ಇಂಪೋರ್ಟ್ ಮಾಡುವ ಸಾಫ್ಟ್‌ವೇರ್ ತೆರೆಯುವುದಿಲ್ಲ. "ನನ್ನ ಕಂಪ್ಯೂಟರಿನಲ್ಲಿ ತೆರೀತಿದೆಯಲ್ಲ ಸ್ವಾಮಿ" ಎಂಬ ಜಗಳ ಹುಟ್ಟುವುದು ಇಲ್ಲಿಂದಲೇ. ಎಕ್ಸೆಲ್‌ನಲ್ಲಿ ತೆರೆದು, 'ಸೇವ್ ಆ್ಯಸ್'ನಲ್ಲಿ ನಿಜವಾದ ವರ್ಕ್‌ಬುಕ್ ಮಾದರಿ ಆರಿಸಿ ಉಳಿಸಿದರೆ ಜಗಳ ಮುಗಿಯಿತು. ಹೆಸರಿನ ಕೊನೆ ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ, ಅದು ಬೇರೆ ಮಾತು.

ನಿಜವಾಗಿಯೇ ಕೆಟ್ಟ ಫೈಲ್ ಇಲ್ಲವೇ? ಇದೆ. ಸೈಜ್ ಸೊನ್ನೆ ಬೈಟ್ ಇದ್ದರೆ ಒಳಗೆ ಏನೂ ಇಲ್ಲ, ಸುಮ್ನೆ ಹೆಸರು ಮಾತ್ರ. ಅರ್ಧ ಇಳಿದ ಫೈಲ್ ಇನ್ನೊಂದು ಬಗೆ. ಜಿಪ್‌ನ ಪರಿವಿಡಿ ಇರುವುದು ಕೊನೆಯಲ್ಲಿ. ಪುಸ್ತಕದ ಕೊನೆಯ ಎರಡು ಹಾಳೆ ಹರಿದುಹೋದ ಹಾಗೆ, ಚೂರೇ ಚೂರು ಬಾಲ ಕತ್ತರಿಸಿ ಹೋದರೂ ಇಡೀ ಫೈಲ್ ತೆರೆಯುವುದಿಲ್ಲ. ಇಂಥದ್ದಕ್ಕೆ ಒಳ್ಳೆಯ ಔಷಧ ಮತ್ತೆ ಇಳಿಸಿಕೊಳ್ಳುವುದು. ಮೂಲ ಇಲ್ಲ ಅಂದರೆ, ನಕಲಿನ ಮೇಲೆ (ನೋಡಿ, ಹೇಳಿದೆ) ಎಕ್ಸೆಲ್‌ನ ಓಪನ್ ಕಿಟಕಿಗೆ ಹೋಗಿ. ಫೈಲ್ ಆರಿಸಿ, ಓಪನ್ ಬಟನ್ನಿನ ಪಕ್ಕದ ಪುಟ್ಟ ಬಾಣ ಒತ್ತಿ. 'ಓಪನ್ ಅಂಡ್ ರಿಪೇರ್' ಎಂದಿರುತ್ತದೆ. ಅದೂ ಸೋತರೆ ಲಿಬ್ರೆ ಆಫೀಸ್‌ನಲ್ಲಿ ತೆರೆದು ನೋಡಿ. ಎಕ್ಸೆಲ್ ಒಪ್ಪದ ಫೈಲನ್ನು ಅದು ಎಷ್ಟೋ ಸಲ ಒಪ್ಪಿಕೊಳ್ಳುತ್ತದೆ. ಫೈಲ್ ಒನ್‌ಡ್ರೈವ್‌ನಲ್ಲೋ ಗೂಗಲ್ ಡ್ರೈವ್‌ನಲ್ಲೋ ಇದ್ದರೆ ಇಷ್ಟೆಲ್ಲ ಬೇಡ, ಹಿಂದಿನ ಆವೃತ್ತಿ ತೆಗೆದುಕೊಳ್ಳಿ.

ಕೆಲವು ಸಲ ಫೈಲೂ ಸರಿ, ಹೆಸರೂ ಸರಿ, ಬಾಗಿಲು ಹಾಕಿರುತ್ತದೆ ಅಷ್ಟೇ. ಮೇಲ್‌ನಲ್ಲಿ ಬಂದ ಫೈಲಿಗೆ ವಿಂಡೋಸ್ ಒಂದು ಗುರುತು ಹಚ್ಚುತ್ತದೆ. ಅದರಿಂದಾಗಿ ಚೆನ್ನಾಗಿರುವ ಫೈಲೂ 'ಕರಪ್ಟ್' ಎಂಬ ಮಾತು ಕೇಳಬೇಕಾಗಬಹುದು. ಕಳಿಸಿದವರು ಯಾರೆಂದು ಗೊತ್ತಿದ್ದರೆ, ಪ್ರಾಪರ್ಟೀಸ್‌ನಲ್ಲಿ 'ಅನ್‌ಬ್ಲಾಕ್' ಟಿಕ್ ಮಾಡಿ. ಫೋಲ್ಡರಿನೊಳಗೆ ಫೋಲ್ಡರ್ ಮಾಡಿ ಹೆಸರಿನ ದಾರಿ 218 ಅಕ್ಷರ ದಾಟಿದರೂ ಎಕ್ಸೆಲ್ ಒಪ್ಪುವುದಿಲ್ಲ. ಫೈಲನ್ನು ಡೆಸ್ಕ್‌ಟಾಪಿಗೆ ತಂದರೆ ಸಾಕು. ಇನ್ನು ಟಿಲ್ಡೆ, ಡಾಲರ್ ಗುರುತಿನಿಂದ ಶುರುವಾಗುವ ಒಂದು ಪುಟ್ಟ ಫೈಲ್ ಇರುತ್ತದಲ್ಲ, ಅದು ಬೀಗದ ಚೀಟಿ. ಯಾರೋ ಅಸಲಿ ಫೈಲನ್ನು ತೆರೆದಿಟ್ಟಿದ್ದಾರೆ ಎಂದು ಅರ್ಥ. ಅದನ್ನೇ ಮೇಲ್ ಮಾಡಿ "ತೆರೀತಿಲ್ಲ" ಎಂದವರನ್ನು ನೋಡಿದ್ದೇನೆ. ಫೋಲ್ಡರಿನಲ್ಲಿರುವುದನ್ನೆಲ್ಲ ಬಾಚಿ ಇಂಪೋರ್ಟ್ ಮಾಡುವ ಪ್ರೋಗ್ರಾಂ ಇದಕ್ಕೇ ಎಡವಿ ಬಿದ್ದದ್ದನ್ನೂ ನೋಡಿದ್ದೇನೆ.

ಈಗ ಸಿಎಸ್‌ವಿ, ಅಂದರೆ ನಡುವೆ ಅಲ್ಪವಿರಾಮ ಹಾಕಿ ಸಾಲು ಸಾಲಾಗಿ ಬರೆದ ಬರೀ ಪಠ್ಯದ ಫೈಲ್. ಅಸಲಿ ಗೋಳು ಇರುವುದು ಇಲ್ಲೇ. ಯಾಕೆಂದರೆ ಸಿಎಸ್‌ವಿ ಯಾವಾಗಲೂ ತೆರೆಯುತ್ತದೆ. ತೆರೆದು ಸುಳ್ಳು ಹೇಳುತ್ತದೆ.

ತೆರೆಯದೇ ಇರುವ ಒಂದು ವಿಚಿತ್ರ ಮಾತ್ರ ಹೇಳಿಬಿಡುತ್ತೇನೆ. ಮೊದಲ ಕಾಲಮ್ಮಿನ ಹೆಸರು 'ಐಡಿ', ಎರಡೂ ದೊಡ್ಡಕ್ಷರದಲ್ಲಿ. ಎಷ್ಟು ಸಹಜ, ಅಲ್ವಾ? ಆದರೆ 1980ರ ದಶಕದ 'ಸಿಲ್ಕ್' ಎಂಬ ಹಳೆಯ ಮಾದರಿಯ ಫೈಲುಗಳು ಶುರುವಾಗುತ್ತಿದ್ದದ್ದು ಇದೇ ಎರಡು ಅಕ್ಷರದಿಂದ. ಎಕ್ಸೆಲ್ ಅದನ್ನು ಇನ್ನೂ ಮರೆತಿಲ್ಲ. "ಓಹೋ, ಇದು ಸಿಲ್ಕ್" ಎಂದುಕೊಂಡು, ಆಮೇಲೆ "ಸಿಲ್ಕ್ ಸರಿಯಿಲ್ಲ" ಎಂದು ದೂರುತ್ತದೆ. ಆ ಎರಡು ಅಕ್ಷರವನ್ನು ಚಿಕ್ಕಕ್ಷರ ಮಾಡಿ, ಮುಗಿಯಿತು.

ಕನ್ನಡ ಇರುವ ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿದಾಗ ಏನಾಗುತ್ತದೆ ಎಂದು ನಿಮಗೆ ಗೊತ್ತು. ಹೆಸರುಗಳ ಜಾಗದಲ್ಲಿ ತಲೆ ಮೇಲೆ ಗೀಟು ಇರುವ ಇಂಗ್ಲಿಷ್ 'ಎ', ಅದರ ಪಕ್ಕ ಪುಟ್ಟ 2 ಅಥವಾ 3, ಮತ್ತೊಂದೇನೋ. ಮತ್ತೆ ಅದೇ ಎ, ಅದೇ 2. ಯಾವಾಗಲೂ ಅದೇ ಯಾಕೆ? ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಮೂರು ಬೈಟ್. ಮೊದಲ ಬೈಟ್ ಎಲ್ಲಕ್ಕೂ ಒಂದೇ. ಎರಡನೆಯದು ಎರಡರಲ್ಲಿ ಒಂದು. ಎಕ್ಸೆಲ್ ಮೂರನ್ನೂ ಬೇರೆ ಬೇರೆ ಇಂಗ್ಲಿಷ್ ಅಕ್ಷರ ಎಂದು ಓದಿದಾಗ ಈ ಎ-2, ಎ-3ರ ಸಾಲು ಹುಟ್ಟುತ್ತದೆ. ನೋಡಲು ಭಯಂಕರ, ಆದರೆ ಗಾಬರಿ ಬೇಡ. ನಿಮ್ಮ ಕನ್ನಡ ಫೈಲಿನಲ್ಲಿ ಹಾಗೇ ಇದೆ. ಸೇವ್ ಮಾಡದೆ ಮುಚ್ಚಿ. ಖಾಲಿ ವರ್ಕ್‌ಬುಕ್ ತೆರೆದು, ಡೇಟಾ ಟ್ಯಾಬ್‌ನಲ್ಲಿ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಒತ್ತಿ, ಯುಟಿಎಫ್-8 ಆರಿಸಿ.

ಗಾಬರಿಯಾಗಬೇಕಾದದ್ದು ಪ್ರಶ್ನಾರ್ಥಕ ಚಿಹ್ನೆ ಕಂಡಾಗ. ಕನ್ನಡ ಇರುವ ಶೀಟನ್ನು 'ಸಿಎಸ್‌ವಿ ಯುಟಿಎಫ್-8' ಎಂದು ಉಳಿಸುವ ಬದಲು ಬರೀ 'ಸಿಎಸ್‌ವಿ' ಎಂದು ಉಳಿಸಿದರೆ, ಪ್ರತಿ ಅಕ್ಷರದ ಜಾಗಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಬರಬಹುದು. ಹಾಗಾದರೆ ಅಕ್ಷರ ನಿಜವಾಗಿಯೂ ಹೋಯಿತು. ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ಪಟ್ಟಿಯಲ್ಲಿ ಎರಡೂ ಹೆಸರು ಹತ್ತಿರ ಹತ್ತಿರ ಇರುತ್ತವೆ, ನೋಡಿಕೊಂಡು ಒತ್ತಿ.

ಅಂಕಿಗಳ ಕಥೆ ಇನ್ನೂ ಕಷ್ಟ, ಯಾಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಎಕ್ಸೆಲ್ 15 ಅಂಕೆಗಳವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ. 16 ಅಂಕೆಯ ಖಾತೆ ಸಂಖ್ಯೆ ಇದ್ದರೆ ಕೊನೆಯದು ಸೊನ್ನೆ. ಸಂಖ್ಯೆಯ ಶುರುವಿನಲ್ಲಿರುವ ಸೊನ್ನೆಗಳು ಮಾಯ. ಡಬಲ್ ಕ್ಲಿಕ್ ಮಾಡಿದಿರಿ, ನೋಡಿದಿರಿ, ಅಭ್ಯಾಸಬಲದಿಂದ ಕಂಟ್ರೋಲ್ ಎಸ್ ಒತ್ತಿದಿರಿ, ಮುಗಿಯಿತು ಕಥೆ. ಎಕ್ಸೆಲ್‌ನಲ್ಲಿ ಜೀನ್‌ಗಳ ಹೆಸರು ದಿನಾಂಕಗಳಾಗುವ ಕಾಟ ತಡೆಯಲಾರದೆ ವಿಜ್ಞಾನಿಗಳು ಜೀನ್‌ಗಳ ಹೆಸರನ್ನೇ ಬದಲಿಸಿದ ಸುದ್ದಿ 2020ರಲ್ಲಿ ಬಂತು. 'ಮಾರ್ಚ್1' ಹೋಗಿ 'ಮಾರ್ಚ್‌ಎಫ್1' ಆಯಿತು. ತನ್ನಿಂತಾನೇ ಬದಲಾಗುವುದನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ.

ಅದೇ 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋಗಿದ್ದು ಬೆಳಕಿಗೆ ಬಂತು. ಲ್ಯಾಬ್‌ಗಳಿಂದ ಬಂದ ಸಿಎಸ್‌ವಿಯನ್ನು ಹಳೆಯ ಡಾಟ್ ಎಕ್ಸ್‌ಎಲ್‌ಎಸ್‌ಗೆ ತುಂಬುತ್ತಿದ್ದರು. ಹಳೆಯ ಮಾದರಿಯಲ್ಲಿ 65,536 ಸಾಲು ಮಾತ್ರ. ಅದರಾಚೆಯದು ಬಂದು ಸೇರಲೇ ಇಲ್ಲ. ಹೊಸ ಮಾದರಿಯಲ್ಲಿ 10,48,576 ಸಾಲು ಇದೆ, ಅದಕ್ಕೂ ಮಿತಿ ಮಿತಿಯೇ. ಇಂಪೋರ್ಟ್ ಆದ ಮೇಲೆ "ಸಕ್ಸಸ್" ಎಂಬ ಹಸಿರು ಅಕ್ಷರ ನೋಡಿ ನಂಬಬೇಡಿ. ಕಳಿಸಿದ್ದು ಎಷ್ಟು ಸಾಲು, ಸೇರಿದ್ದು ಎಷ್ಟು, ಎಣಿಸಿ ನೋಡಿ.

ಕೊನೆಗೆ, ಫೈಲ್ ತೆರೆಯುತ್ತದೆ, ಇಂಪೋರ್ಟ್ ಮಾತ್ರ ಆಗುವುದಿಲ್ಲ ಎಂಬ ದೂರು. ಮರ್ಜ್ ಮಾಡಿದ ಸೆಲ್, ಹೆಡರಿನ ಮೇಲೆ ಅಲಂಕಾರಕ್ಕೆಂದು ಹಾಕಿದ ಶೀರ್ಷಿಕೆ, ಇವೆಲ್ಲ ನಿಮಗೆ ಗೊತ್ತೇ ಇದೆ, ಬಿಟ್ಟುಬಿಡುತ್ತೇನೆ. ಒಂದು ಸೂಕ್ಷ್ಮ ಮಾತ್ರ ತೋರಿಸುತ್ತೇನೆ. 'ರಮೇಶ್' ಎಂಬ ಹೆಸರು ಎರಡು ಶೀಟಿನಲ್ಲಿದೆ. ಕಣ್ಣಿಗೆ ಒಂದೇ. ಆದರೆ ಒಂದು ಶೀಟಿನ ಹೆಸರನ್ನು ಇನ್ನೊಂದರಲ್ಲಿ ಹುಡುಕುವ ವಿ-ಲುಕಪ್ ಸಿಗಲಿಲ್ಲ ಎನ್ನುತ್ತದೆ. ಅಕ್ಷರ ಎಣಿಸುವ ಲೆನ್ ಫಂಕ್ಷನ್ ಹಾಕಿ ನೋಡಿ (ಅದು ಏತ್ವವನ್ನೂ ಅರ್ಧಾಕ್ಷರದ ಗುರುತನ್ನೂ ಬೇರೆಯಾಗಿ ಎಣಿಸುತ್ತದೆ). ಒಂದು ಕಡೆ 5, ಇನ್ನೊಂದು ಕಡೆ 6. ಆ ಆರನೆಯದು ಅರ್ಧಾಕ್ಷರದ ಹಿಂದೆ ಕೂತ ಕಾಣದ ಅಕ್ಷರ. ಒತ್ತಕ್ಷರ ಆಗದಂತೆ ತಡೆಯಲು ಕೀಬೋರ್ಡ್ ತಂತ್ರಾಂಶ ಹಾಕುವ ತಡೆಗೋಡೆ ಅದು. ಹೆಚ್ಚುವರಿ ಖಾಲಿ ಜಾಗ ತೆಗೆಯುವ ಟ್ರಿಮ್ ಫಂಕ್ಷನ್ ಅದನ್ನು ಮುಟ್ಟುವುದಿಲ್ಲ. ಸಬ್‌ಸ್ಟಿಟ್ಯೂಟ್ ಫಂಕ್ಷನ್ನಿನಲ್ಲಿ ಯುನಿಚಾರ್ 8204 ಕೊಟ್ಟು ತೆಗೆಯಬೇಕು. ವೆಬ್ ಪುಟದಿಂದ ಅಂಟಿಸಿದ ಹೆಸರಾದರೆ ಕೊನೆಗೊಂದು ಬೇರೆ ಜಾತಿಯ ಖಾಲಿ ಜಾಗ ಇರಬಹುದು, ಅದರ ಸಂಖ್ಯೆ 160. ಟ್ರಿಮ್ ಅದನ್ನೂ ಬಿಡುತ್ತದೆ.

ತಪ್ಪು ಯಾವ ಸಾಲಿನಲ್ಲಿದೆ ಎಂದು ಸಾಫ್ಟ್‌ವೇರ್ ಹೇಳದಿದ್ದರೆ? ನಾಲ್ಕು ಸಾವಿರ ಸಾಲು ಒಂದೊಂದಾಗಿ ಓದಬೇಡಿ. ಅರ್ಧ ಕತ್ತರಿಸಿ, ಹೆಡರ್ ಉಳಿಸಿ, ಇಂಪೋರ್ಟ್ ಮಾಡಿ ನೋಡಿ. ಇಂಪೋರ್ಟ್ ಆಯಿತೆಂದರೆ ತಪ್ಪು ಇನ್ನೊಂದು ಅರ್ಧದಲ್ಲಿದೆ, ಆಗಲಿಲ್ಲವೆಂದರೆ ಇದರಲ್ಲೇ ಇದೆ. ತಪ್ಪಿರುವ ಅರ್ಧವನ್ನು ಮತ್ತೆ ಅರ್ಧ ಮಾಡಿ. ಹೆಚ್ಚೆಂದರೆ 12 ಸಲದಲ್ಲಿ ಆ ಒಂದು ಸಾಲು ಕೈಗೆ ಸಿಗುತ್ತದೆ. ಸಿಕ್ಕಾಗ ನೋಡಿದರೆ, ಯಾರೋ ವಿಳಾಸದ ನಡುವೆ ಎಂಟರ್ ಒತ್ತಿರುತ್ತಾರೆ, ಇಲ್ಲವೇ ಒಂದೇ ಒಂದು ಉದ್ಧರಣ ಚಿಹ್ನೆ ತೆರೆದು ಮುಚ್ಚುವುದನ್ನು ಮರೆತಿರುತ್ತಾರೆ.

ನನ್ನ ಮಾತು ಇಷ್ಟು. ಪ್ರಶ್ನೆ ಕೇಳಿ. ತೆರೆಯದ ಫೈಲ್ ಪೆನ್‌ಡ್ರೈವ್‌ನಲ್ಲಿ ತಂದವರು ಇದ್ದರೆ ಮುಂದೆ ಬನ್ನಿ, ಒಟ್ಟಿಗೆ ನೋಡೋಣ. ಮೂಲ ಫೈಲ್ ಕೊಡಬೇಡಿ. ನಕಲು ಕೊಡಿ.