ಬ್ರೋಕನ್ ಹಾರ್ಸ್‌ಶೂ: ಟೇಪ್ ಅಳಿಸಿದ್ರು ಅಂತ ಬೈಯೋ ಮುಂಚೆ

ಎಲ್ಲರಿಗೂ ನಮಸ್ಕಾರ. ಇವತ್ತು ನಾವ್ಯಾರೂ ನೋಡೋಕಾಗದ ಒಂದು ಸೀರಿಯಲ್ ಬಗ್ಗೆ ಮಾತಾಡೋಣ. ದಿ ಬ್ರೋಕನ್ ಹಾರ್ಸ್‌ಶೂ. 1952ರ ಮಾರ್ಚ್ 15ಕ್ಕೆ ಶುರುವಾಗಿ ಏಪ್ರಿಲ್ 19ರವರೆಗೆ ಪ್ರತಿ ಶನಿವಾರ ಬಿಬಿಸಿಯಲ್ಲಿ ಬಂದ ಆರು ಕಂತಿನ ಕ್ರೈಮ್ ಥ್ರಿಲ್ಲರ್. ಬರೆದೋರು ಫ್ರಾನ್ಸಿಸ್ ಡರ್ಬ್ರಿಡ್ಜ್, 1938ರಲ್ಲೇ ರೇಡಿಯೋಗೆ ಪಾಲ್ ಟೆಂಪಲ್ ಅನ್ನೋ ಪತ್ತೇದಾರನ್ನ ಕೊಟ್ಟೋರು. ಮಾರ್ಕ್ ಫೆಂಟನ್ ಅಂತ ಒಬ್ಬ ಸರ್ಜನ್, ಯಾವ್ದೋ ಕಾರು ಗುದ್ದಿ ಬಿಟ್ಟುಹೋದವನಿಗೆ ಆಪರೇಷನ್ ಮಾಡಿ ಉಳಿಸ್ತಾನೆ, ಆಮೇಲೆ ಅದೇ ಪೇಷಂಟ್ ಕೊಲೆಯಾಗಿಬಿಡ್ತಾನೆ, ಡಾಕ್ಟರು ಅದ್ರಲ್ಲಿ ಸಿಕ್ಕಾಕೊಳ್ತಾರೆ.

ಒಂದು ಕಂತೂ ಉಳಿದಿಲ್ಲ.

ಹಳೇದು ಸಿಗ್ತಿಲ್ಲ ಅಂದ ತಕ್ಷಣ ಬಿಬಿಸಿಯೋರು ಟೇಪ್ ಅಳಿಸಿಬಿಟ್ರು ಅಂತ ಬೈಯೋರೇ ಜಾಸ್ತಿ. 60ರ ದಶಕದ ಡಾಕ್ಟರ್ ಹೂ ಅನ್ನೋ ಬಿಬಿಸಿ ಸೀರಿಯಲ್ ಕಂತುಗಳಿಗೆ ಆ ಬೈಗುಳ ಸರಿ, ನಾನೂ ಬೈತೀನಿ. ಆದ್ರೆ 1952ರಲ್ಲಿ ಬಿಬಿಸಿ ಹತ್ರ ವಿಡಿಯೋ ಟೇಪೇ ಇರ್ಲಿಲ್ಲ ಕಣ್ರೀ, ಅದು ಬಂದಿದ್ದೇ 1958ರಲ್ಲಿ. ಅಲ್ಲೀವರೆಗೂ ನಾಟಕ ಎಲ್ಲ ಲೈವ್, ನಮ್ಮ ಕಂಪನಿ ನಾಟಕದ ಥರಾನೇ, ಮಾತು ಮರೆತ್ರೂ ಸಾವರಿಸ್ಕೊಂಡು ಮುಂದೆ ಹೋಗ್ಬೇಕು, ಒಂದು ಸೆಟ್ಟಲ್ಲಿ ಕ್ಯಾಮೆರಾ ಬೇರೆಯವರ ಮೇಲಿದ್ದಾಗ ನಟ ಕೇಬಲ್ ದಾಟ್ಕೊಂಡು ಓಡಿ ಪಕ್ಕದ ಸೆಟ್ಟಲ್ಲಿ ಕೋಟು ಬದಲಾಯಿಸಿ ನಿಂತಿರ್ಬೇಕು. ಉಳಿಸ್ಕೋಬೇಕು ಅಂದ್ರೆ ಮಾನಿಟರ್ ಎದುರಿಗೆ ಫಿಲ್ಮ್ ಕ್ಯಾಮೆರಾ ಇಟ್ಟು ಶೂಟ್ ಮಾಡ್ಬೇಕಿತ್ತು. ದುಡ್ಡು ಖರ್ಚು, ಚಿತ್ರಾನೂ ಮಂಕು. ಮುಂದಿನ ವರ್ಷ ಬಂದ ಸೈನ್ಸ್ ಫಿಕ್ಷನ್ ಸೀರಿಯಲ್ ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟನ್ನ ಹೀಗೆ ಹಿಡಿಯೋಕೆ ಹೋದ್ರು, ಆರರಲ್ಲಿ ಮೊದಲೆರಡೇ ಕಂತು ಉಳ್ಕೊಂಡ್ವು.

1953ರಲ್ಲಿ ಬ್ರೋಕನ್ ಹಾರ್ಸ್‌ಶೂ ಕಥೆ ಸಿನಿಮಾ ಆಯ್ತು, ರಾಬರ್ಟ್ ಬೀಟಿ ಹೀರೋ, ಡೈರೆಕ್ಟರು ಟಿವಿಯಲ್ಲಿ ಮಾಡಿಸಿದ್ದ ಮಾರ್ಟಿನ್ ವೆಬ್‌ಸ್ಟರ್ ಅವ್ರೇ. ಅದು ಇವತ್ತೂ ಇದೆ, ಅದನ್ನ ನೋಡಿದ್ರೆ ಸಾಕಲ್ವಾ ಅಂತಾರೆ. ಸಾಲಲ್ಲ. ಡರ್ಬ್ರಿಡ್ಜ್ ಕೈಚಳಕ ಇರೋದೇ ಕಂತಿನ ಕೊನೇಲಿ, ಒಂದು ಫೋನ್ ಬರುತ್ತೆ, ನಂಬಿದ್ದ ಮನುಷ್ಯ ಸುಳ್ಳು ಹೇಳಿದ್ದು ಗೊತ್ತಾಗುತ್ತೆ, ಅಷ್ಟಕ್ಕೇ ನಿಲ್ಲಿಸಿ ಒಂದು ವಾರ ಕಾಯಿಸ್ತಾರೆ, ಆ ವಾರ ಪೂರ್ತಿ ಮನೆಮಂದಿ ಎಲ್ಲ ಯಾರ ಮೇಲೆ ಅನುಮಾನ ಅಂತ ವಾದ ಮಾಡ್ತಿರ್ತಾರೆ. ಒಂದೇ ಕೂತಲ್ಲಿ ಮುಗಿಯೋ ಸಿನಿಮಾದಲ್ಲಿ ಅದೆಲ್ಲಿ ಬರುತ್ತೆ?

2005ರಲ್ಲಿ ಬಿಬಿಸಿ ಫೋರ್ ಚಾನೆಲ್ ಕ್ವಾಟರ್‌ಮಾಸನ್ನ ಮತ್ತೆ ಲೈವ್ ಆಗೇ ಆಡಿಸ್ತು. ಬ್ರೋಕನ್ ಹಾರ್ಸ್‌ಶೂಗೂ ಹಾಗೇ ಮಾಡ್ಲಿ ಅನ್ನೋದೇ ನನ್ನ ವಾದ. ಆರು ಶನಿವಾರ, ಲೈವ್, ಮಧ್ಯದಲ್ಲಿ ಒಂದೊಂದು ವಾರ ಕಾಯಿಸ್ಲಿ, ಮತ್ತೆ ಈ ಸಲ ರೆಕಾರ್ಡ್ ಮಾಡಿ ಇಟ್ಕೊಳ್ಲಿ.