ಹೆಸರು ಕರೆಯುವ ಸಂಜೆ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಯುವವರೆಗೆ ಮನೆ ತುಂಬ ಜನ. ಚಪ್ಪರ ಬಿಚ್ಚಿ, ಬಾಡಿಗೆ ಪಾತ್ರೆ ವಾಪಸು ಹೋದ ಮೇಲೆ? ಆ ಹೆಸರು ಹೇಳಲಿಕ್ಕೇ ಎಲ್ಲರಿಗೂ ಹೆದರಿಕೆ. ನಮ್ಮಲ್ಲೂ ಹಾಗೇ ಆಯಿತು. ಅಮ್ಮನ ಮಾತು ಬಂದರೆ ಅಪ್ಪ ಎದ್ದು ತೋಟಕ್ಕೆ ಹೋಗುತ್ತಿದ್ದರು.

ಅಮ್ಮನಿಗೆ ಕ್ಯಾನ್ಸರ್. ‘ಇನ್ನು ಮಾಡಲಿಕ್ಕೆ ಏನೂ ಇಲ್ಲ’ ಎಂದು ದೊಡ್ಡ ಆಸ್ಪತ್ರೆಯೊಂದರಿಂದ ಕಳಿಸಿಬಿಟ್ಟಿದ್ದರು. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆಗೆ ಬಂದ ಮೇಲೆ ನೋಡಿದರೆ, ಮಾಡಲಿಕ್ಕೆ ಬೇಕಾದಷ್ಟಿತ್ತು. ಗಾಯ ತೊಳೆಯಬೇಕು. ಹೊತ್ತು ತಪ್ಪದೆ ನೋವಿನ ಮಾರ್ಫಿನ್ ಮಾತ್ರೆ ಕೊಡಬೇಕು. ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ತಿರುಗಿಸಬೇಕು. ಇದನ್ನೆಲ್ಲ ನಮಗೆ ಕಲಿಸಿದವರು ಪಾಲಿಯೇಟಿವ್ ಸಿಸ್ಟರ್, ಅಂದರೆ ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡಲು ಮನೆಗೇ ಬರುವ ನರ್ಸ್. ಚಂದ್ರಗಿರಿ ಹೊಳೆಯ ಆಚೆಯವರು, ಮನೆಮಾತು ಮಲಯಾಳ. ‘ಅಮ್ಮಾ, ನೋವು ಉಂಟಾ?’ ಎಂದು ಕೇಳುವಷ್ಟು ಕನ್ನಡ ಕಲಿತಿದ್ದರು.

1967ರಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಹಾಸ್ಪಿಸ್ ಎಂದರೆ ಕೊನೆಗಾಲದ ರೋಗಿಗಳ ಆರೈಕೆಯ ಜಾಗ. ರೋಗಿಯ ಜೊತೆ ಮನೆಯವರ ದುಃಖವನ್ನೂ ನೋಡಿಕೊಳ್ಳಬೇಕು ಎನ್ನುವುದು ಅಲ್ಲಿನ ಕ್ರಮ. ನಮ್ಮ ಕೇರಳದಲ್ಲಿ ಈ ಕೆಲಸ 1993ರಲ್ಲಿ ಕೋಝಿಕ್ಕೋಡಿನಲ್ಲಿ ಬೇರು ಬಿಟ್ಟಿತು. 2008ರಲ್ಲಿ ಸರಕಾರವೇ ಇದಕ್ಕೊಂದು ನೀತಿ ತಂದಿತು. ಹಾಸ್ಪಿಸ್ ಎಂದರೆ ಕಟ್ಟಡವೇ ಆಗಬೇಕಿಲ್ಲ. ಇಲ್ಲಿ ಅದು ಜೀಪಿನಲ್ಲಿ ಬ್ಯಾಗು ಹಿಡಿದು ಅಂಗಳಕ್ಕೆ ಬರುತ್ತದೆ.

ಅಮ್ಮ ಹೋಗಿ ಏಳೆಂಟು ತಿಂಗಳಾಗಿತ್ತು. ಸಿಸ್ಟರ್ ಫೋನ್ ಮಾಡಿದರು. ಆ ವರ್ಷ ತೀರಿಹೋದವರ ನೆನಪಿಗೆ ಒಂದು ಸಂಜೆ ಸೇರುತ್ತೇವೆ, ಒಂದು ಫೋಟೋ ತನ್ನಿ ಎಂದರು. ಫೋಟೋ ಹುಡುಕುವಾಗಲೇ ಗೊತ್ತಾಯಿತು, ಅಮ್ಮ ಒಬ್ಬರೇ ಇರುವ ಫೋಟೋ ರೇಷನ್ ಕಾರ್ಡಿನದ್ದು ಮಾತ್ರ. ಬೇರೆ ಎಲ್ಲದರಲ್ಲೂ ಯಾರಿಗೋ ಬಡಿಸುತ್ತಾ ಮೂಲೆಯಲ್ಲಿದ್ದಾರೆ.

ಸಣ್ಣ ಹಾಲ್. ಮೇಜಿನ ಮೇಲೆ ಸಾಲಾಗಿ ಫೋಟೋಗಳು. ನಮ್ಮಂಥವರು, ಬ್ಯಾರಿ ಮುಸ್ಲಿಮರ ಮನೆಯವರು, ಇಗರ್ಜಿಯ ಕಡೆಯವರು, ಎಲ್ಲರೂ ಒಂದೇ ಬೆಂಚಿನಲ್ಲಿ. ಒಬ್ಬೊಬ್ಬರ ಹೆಸರು ಓದಿದಾಗ ಮನೆಯವರು ಹೋಗಿ ಹಣತೆ ಹಚ್ಚಬೇಕು. ಅಮ್ಮನ ಹೆಸರು ಓದಿದರು. ಎಷ್ಟೋ ತಿಂಗಳ ಮೇಲೆ ಆ ಹೆಸರನ್ನು ಗಟ್ಟಿಯಾಗಿ ಕೇಳಿದ್ದು ಆವತ್ತೇ. ಅಪ್ಪನ ಕೈ ನಡುಗಿತು. ಬತ್ತಿ ಹತ್ತಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಯಾರೂ ಅವಸರ ಮಾಡಲಿಲ್ಲ.

ಚಾ ಕುಡಿಯುವಾಗ ಸಿಸ್ಟರ್ ಹೇಳಿದರು. ಗಾಯಕ್ಕೆ ಬಟ್ಟೆ ಕಟ್ಟುವಾಗ ಅಮ್ಮ ಅವರಿಗೆ ಕೆಸುವಿನ ಎಲೆಯ ಪತ್ರೊಡೆ ಮಾಡುವುದನ್ನು ಹೇಳಿಕೊಟ್ಟಿದ್ದರಂತೆ. ಅಕ್ಕಿ ಎಷ್ಟು, ಎಲೆ ಹೇಗೆ ಸುತ್ತಬೇಕು, ಎಲ್ಲ. ಈಗ ಅವರ ಮನೆಯಲ್ಲಿ ಪತ್ರೊಡೆ ಆಗುತ್ತದೆ, ಹೊಳೆಯ ಆಚೆ. ಇದು ನಮಗೆ ಗೊತ್ತೇ ಇರಲಿಲ್ಲ. ತೀರಿಹೋದವರ ಬಗ್ಗೆ ಹೊಸ ಸುದ್ದಿ ಸಿಗುವುದು ಎಂದರೆ ಎಷ್ಟು ದೊಡ್ಡದು, ಅಲ್ವಾ?

ಮಳೆಗಾಲದ ಆಟಿ ಎಂಬ ತುಳು ತಿಂಗಳಲ್ಲಿ, ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ಕ್ರಮ ನಮ್ಮ ಕಡೆ ಬಹಳ ಮನೆಗಳಲ್ಲಿ ಉಂಟು. ಈ ಸಲ ಅಪ್ಪನೇ ಕೆಸುವಿನ ಎಲೆ ಕೊಯ್ದು ತಂದರು. ಬಡಿಸಿ, ಬಾಗಿಲು ಓರೆ ಮಾಡಿ, ಆಮೇಲೆ ನಾವು ಊಟಕ್ಕೆ ಕೂತೆವು. ಅಪ್ಪ ಪತ್ರೊಡೆ ಒಂದು ತುಂಡು ಬಾಯಿಗಿಟ್ಟು ನನ್ನನ್ನು ನೋಡಿದರು.

‘ಹುಳಿ ಸಾಲದು,’ ಎಂದರು. ‘ಅವಳಾದರೆ ಇನ್ನೂ ಸ್ವಲ್ಪ ಹಾಕುತ್ತಿದ್ದಳು.’